ಮಗಳು ಕಮ್ಯುನಿಟಿ ಕಾಲೇಜಿನಲ್ಲಿ ಫಿಲಾಸಫಿ ಓದಿ ಆಮೇಲೆ ಯುಸಿಗೆ ಹೋಗುತ್ತಾಳಂತೆ, ಇದು ನಡೆಯುವ ಮಾತಾ?

ಫ್ರೀಮಾಂಟ್_ಅಮ್ಮ

ಎಲ್ಲರಿಗೂ ನಮಸ್ಕಾರ. ಸುತ್ತಿ ಬಳಸದೆ ಕೇಳಿಬಿಡುತ್ತೇನೆ.

ಮಗಳು ಈಗ ಹನ್ನೆರಡನೇ ಕ್ಲಾಸು. ಚೆನ್ನಾಗಿ ಓದುತ್ತಾಳೆ, ಆದರೆ ಶಾಲೆಗೇ ಮೊದಲು ಬರುವ ಪೈಕಿ ಅಲ್ಲ. ಕಂಪ್ಯೂಟರ್ ಸೈನ್ಸ್ ಬೇಡವಂತೆ, ಬಯಾಲಜಿ ಬೇಡವಂತೆ, ಫಿಲಾಸಫಿ ಬೇಕಂತೆ. ಅದೂ ನೇರವಾಗಿ ಯೂನಿವರ್ಸಿಟಿಗೆ ಹೋಗಿ ಅಲ್ಲ. ಇಲ್ಲೇ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಆಮೇಲೆ ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಬರ್ಕ್ಲಿಗೋ ಸ್ಯಾಂಟಾ ಕ್ರೂಝ್‌ಗೋ ಟ್ರಾನ್ಸ್‌ಫರ್ ಆಗುತ್ತಾಳಂತೆ. ಹೋದ ಬೇಸಿಗೆಯಲ್ಲಿ ಹೈಸ್ಕೂಲಿನಿಂದಲೇ ಡ್ಯುಯಲ್ ಎನ್‌ರೋಲ್‌ಮೆಂಟ್ ಅಂತ ಒಂದು ಫಿಲಾಸಫಿ ಕ್ಲಾಸ್ ತೆಗೆದುಕೊಂಡಿದ್ದಳು, ಎಲ್ಲ ಅಲ್ಲಿಂದ ಶುರುವಾಗಿದ್ದು.

ನಮ್ಮ ಯಜಮಾನರಿಗೆ ಫಿಲಾಸಫಿಗಿಂತ ಕಮ್ಯುನಿಟಿ ಕಾಲೇಜು ಅನ್ನುವುದೇ ದೊಡ್ಡ ಸಮಸ್ಯೆ. ಕನ್ನಡ ಕೂಟದ ಊಟದಲ್ಲಿ ಒಬ್ಬರು ಯಾವ ಕಾಲೇಜು ಅಂತ ಕೇಳಿದರು. ಇವಳು ಸಹಜವಾಗಿ ಹೇಳಿದಳು. ಅವರು "ಓ ಹೌದಾ, ಹತ್ತಿರ ಆಯ್ತಲ್ಲ" ಅಂದವರೇ ಬಿಸಿಬೇಳೆಬಾತ್ ಯಾರು ಮಾಡಿದ್ದು ಅಂತ ಮಾತು ತಿರುಗಿಸಿದರು. ಅವತ್ತಿನಿಂದ ಮನೆಯಲ್ಲಿ ಇದೇ ಚರ್ಚೆ.

ನಮಗೆ ಗ್ರೀನ್ ಕಾರ್ಡ್ ಆಗಿದೆ, ಹಾಗಾಗಿ ವೀಸಾ ಚಿಂತೆ ಇಲ್ಲ. ನನಗೆ ಬೇಕಾಗಿರುವುದು ಇಷ್ಟು. ಕೊನೆಗೆ ಸಿಗುವ ಡಿಗ್ರಿಯಲ್ಲಿ ಕಮ್ಯುನಿಟಿ ಕಾಲೇಜಿನ ಹೆಸರು ಇರುತ್ತದಾ? ಅಲ್ಲಿಂದ ನಿಜಕ್ಕೂ ಯುಸಿಗೆ ತೆಗೆದುಕೊಳ್ಳುತ್ತಾರಾ? ಅಲ್ಲಿ ಫಿಲಾಸಫಿ ಅಂತ ಏನು ಹೇಳಿಕೊಡುತ್ತಾರೆ?

---

ಈಸ್ಟ್‌ಬೇ_ಕಿಟ್ಟಿ

ಆಂಟಿ, ನಾನು ಇದೇ ದಾರಿಯಲ್ಲಿ ಬಂದವನು, ಇದೇ ಸಬ್ಜೆಕ್ಟು. ಹಾಗಾಗಿ ಉದ್ದ ಬರೆಯುತ್ತೇನೆ.

ಡಿಗ್ರಿ ಕೊಡುವುದು ಯೂನಿವರ್ಸಿಟಿ. ಸರ್ಟಿಫಿಕೇಟಿನಲ್ಲಿ ಅದರ ಹೆಸರು ಮಾತ್ರ ಇರುತ್ತದೆ. ಟ್ರಾನ್ಸ್‌ಕ್ರಿಪ್ಟ್ ಕೇಳಿದವರಿಗೆ ಮಾತ್ರ ಮೊದಲ ಎರಡು ವರ್ಷ ಎಲ್ಲಿ ಓದಿದ್ದು ಅಂತ ಗೊತ್ತಾಗುತ್ತದೆ.

ಯುಸಿಯವರು ತೆಗೆದುಕೊಳ್ಳುತ್ತಾರಾ ಅಂದರೆ, ಕ್ಯಾಲಿಫೋರ್ನಿಯಾದ ಇಡೀ ವ್ಯವಸ್ಥೆಯನ್ನು ಕಟ್ಟಿರುವುದೇ ಆ ಲೆಕ್ಕದಲ್ಲಿ. 1960ರ ಮಾಸ್ಟರ್ ಪ್ಲಾನ್ ಅಂತ ಒಂದಿದೆ. ಆಗ ಯುಸಿ ಮುಖ್ಯಸ್ಥರಾಗಿದ್ದ ಕ್ಲಾರ್ಕ್ ಕೆರ್ ಮುಂದೆ ನಿಂತು ಮಾಡಿಸಿದ್ದು. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ ಯುಸಿಗೆ, ಮೇಲಿನ ಮೂರನೇ ಒಂದು ಭಾಗ ಸ್ಟೇಟ್ ಯೂನಿವರ್ಸಿಟಿಗೆ, ಉಳಿದಂತೆ ಯಾರು ಬೇಕಾದರೂ ಕಮ್ಯುನಿಟಿ ಕಾಲೇಜಿಗೆ, ಅಲ್ಲಿ ಚೆನ್ನಾಗಿ ಓದಿದರೆ ಮೂರನೇ ವರ್ಷಕ್ಕೆ ಮೇಲೆ ಹತ್ತಬಹುದು. ಅಂದರೆ ಯೂನಿವರ್ಸಿಟಿಗಳೇ ಮೂರನೇ ವರ್ಷಕ್ಕೆ ಜಾಗ ಇಟ್ಟುಕೊಂಡು ಕಾಯುತ್ತವೆ. ಇದು ಹಿಂಬಾಗಿಲಲ್ಲ. ಇವತ್ತು ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ.

ದುಡ್ಡಿನ ಲೆಕ್ಕ ನೋಡಿ. ರೆಸಿಡೆಂಟ್, ಅಂದರೆ ರಾಜ್ಯದ ನಿವಾಸಿ ಆದರೆ, ಕೋರ್ಸಿನ ಗಾತ್ರ ಅಳೆಯುವ ಯೂನಿಟ್‌ಗೆ 46 ಡಾಲರ್. ಟ್ರಾನ್ಸ್‌ಫರ್‌ಗೆ 60 ಯೂನಿಟ್ ಬೇಕು. ಎರಡು ವರ್ಷಕ್ಕೆ 2,760 ಡಾಲರ್. ಡಿ ಆನ್ಜಾ, ಫುಟ್‌ಹಿಲ್ ಥರ ಕ್ವಾರ್ಟರ್ ಸಿಸ್ಟಮ್ (ಸೆಮಿಸ್ಟರಿಗಿಂತ ಚಿಕ್ಕ ಟರ್ಮುಗಳು) ಇರುವ ಕಡೆ ಯೂನಿಟ್‌ಗೆ 31, ಬೇಕಾಗಿರುವುದು 90 ಯೂನಿಟ್, ಅಲ್ಲಿಗೆ 2,790. ಯುಸಿಯಲ್ಲಿ ಫೀಸೇ ವರ್ಷಕ್ಕೆ 15 ಸಾವಿರ ಡಾಲರ್ ಆಸುಪಾಸು, ರೂಮು ಊಟ ಬೇರೆ. ಫಿಲಾಸಫಿ ತನಗೆ ಹಿಡಿಸುತ್ತದೋ ಇಲ್ಲವೋ ಅಂತ ತಿಳಿಯಲು ಇಷ್ಟು ಕಡಿಮೆ ಖರ್ಚಿನ ಜಾಗ ನನಗಂತೂ ಗೊತ್ತಿಲ್ಲ. ಹಿಡಿಸದಿದ್ದರೆ ಎರಡನೇ ಟರ್ಮಿನಲ್ಲೇ ಎಕನಾಮಿಕ್ಸ್‌ಗೆ ಹೊರಳಬಹುದು, ಯಾರೂ ಕೇಳುವುದಿಲ್ಲ.

ಇನ್ನು ಟ್ಯಾಗ್. ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಝ್, ಈ ಆರು ಕಡೆ ಇದೆ. ಕೇಳಿದ ಕೋರ್ಸ್, ಕೇಳಿದ ಜಿಪಿಎ (ಸರಾಸರಿ ಗ್ರೇಡ್) ಇದ್ದರೆ ಸೀಟು ಖಾತ್ರಿ. ಒಂದೇ ಕ್ಯಾಂಪಸ್‌ಗೆ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಅಲ್ಲಿಗೆ ಮಾಮೂಲಿ ಅರ್ಜಿ, ಪೈಪೋಟಿ ಜಾಸ್ತಿ. ಸ್ಯಾಂಟಾ ಕ್ರೂಝ್‌ಗೆ ಟ್ಯಾಗ್ ಹಾಕಿಟ್ಟುಕೊಂಡು ಬರ್ಕ್ಲಿಗೂ ಅರ್ಜಿ ಹಾಕಲಿ, ಎರಡಕ್ಕೂ ಅಡ್ಡಿ ಇಲ್ಲ.

ಈಗ ನಿಜವಾದ ವಿಷಯ. ಫಿಲಾಸಫಿ ಹುಡುಗರು ಕಾಲು ಜಾರುವುದು ಒಂದೇ ಕಡೆ, ಲಾಜಿಕ್. ಎಲ್ಲಾ ಕಾಲೇಜಿನಲ್ಲೂ ಕ್ರಿಟಿಕಲ್ ಥಿಂಕಿಂಗ್ ಅಂತ ಒಂದು ಕ್ಲಾಸ್ ಇರುತ್ತದೆ. ಅದು ಯಾವ ವಿಷಯದವರೂ ಓದಲೇಬೇಕಾದ ಜನರಲ್ ಎಜುಕೇಷನ್‌ಗೆ ಸಾಕು. ಮೇಜರ್‌ಗೆ (ಡಿಗ್ರಿಯ ಮುಖ್ಯ ವಿಷಯಕ್ಕೆ) ಬೇಕಾಗಿರುವುದು ಸಿಂಬಾಲಿಕ್ ಲಾಜಿಕ್, ಚಿಹ್ನೆ ಹಾಕಿಕೊಂಡು ಸಾಲು ಸಾಲಾಗಿ ಪ್ರೂಫ್ ಬರೆಯುವುದು. ಬರ್ಕ್ಲಿಯಲ್ಲಿ ಮೇಜರ್‌ನ ಬುಡದಲ್ಲಿ ಮೂರು ಕೋರ್ಸ್ ಇವೆ: 12ಎ ಅಂದರೆ ಲಾಜಿಕ್, 25ಎ ಅಂದರೆ ಗ್ರೀಕರು, 25ಬಿ ಅಂದರೆ ಡೇಕಾರ್ಟ್ ಕಾಲದಿಂದ ಈಚಿನದು. ಈ ಮೂರಕ್ಕೆ ಸಮನಾದದ್ದು ನಿಮ್ಮ ಕಾಲೇಜಿನಲ್ಲಿ ಯಾವುದು ಅಂತ ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ನೋಡಬಹುದು. ಕಾಲೇಜು, ಯೂನಿವರ್ಸಿಟಿ, ಮೇಜರ್ ಆರಿಸಿದರೆ ಎಡಗಡೆ ಒಂದು, ಬಲಗಡೆ ಒಂದು ಪಟ್ಟಿ ಬರುತ್ತದೆ. ಸಮಾನ ಕೋರ್ಸ್ ಇಲ್ಲ ಅಂತ ಇದ್ದರೆ ಇಲ್ಲ ಅಂತಲೇ ಅರ್ಥ. ಕೌನ್ಸೆಲರ್ ಬಾಯಿಮಾತಿಗಿಂತ ಆ ಪುಟವನ್ನು ನಂಬಿ.

ನಾನು ಓದಿದ ಕಡೆ ಸಿಂಬಾಲಿಕ್ ಲಾಜಿಕ್ ವರ್ಷಕ್ಕೊಮ್ಮೆ ಮಾತ್ರ ಇತ್ತು. ಒಂದು ವರ್ಷ ಹೆಸರು ಕೊಟ್ಟವರು ಕಡಿಮೆ ಅಂತ ಕ್ಲಾಸ್ ಶುರುವಾಗುವ ವಾರದಲ್ಲೇ ರದ್ದು ಮಾಡಿದರು. ಪಕ್ಕದ ಊರಿನ ಇನ್ನೊಂದು ಕಾಲೇಜಿಗೆ ಹೋಗಿ ಸಂಜೆ ಕ್ಲಾಸ್ ಹಿಡಿದೆ. ಒಂದೇ ಸಲಕ್ಕೆ ಎರಡು ಕಾಲೇಜಿನಲ್ಲಿ ಓದುವುದಕ್ಕೆ ಇಲ್ಲಿ ಯಾರ ಪರ್ಮಿಷನ್ನೂ ಬೇಕಿಲ್ಲ.

---

ಸನಿವೇಲ್_ರಾಯರು

ಮೇಡಂ, ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅನ್ನುತ್ತಾರೆ, ಕಹಿ ಮಾತು ನಾನು ಹೇಳುತ್ತೇನೆ. ಕಮ್ಯುನಿಟಿ ಕಾಲೇಜಿಗೆ ನನ್ನ ತಕರಾರಿಲ್ಲ, ದುಡ್ಡು ಉಳಿಯುತ್ತದೆ. ಆದರೆ ಫಿಲಾಸಫಿ ಓದಿ ಈ ಊರಲ್ಲಿ ಬಾಡಿಗೆ ಕಟ್ಟುವುದು ಹೇಗೆ? ಮನೆಯಲ್ಲಿ ಕೂತು ಓದಿಕೊಳ್ಳಲಿ, ಯಾರು ಬೇಡ ಅಂದರು. ನಮ್ಮ ತಾತ ವೇದಾಂತ ಓದಿಕೊಂಡೇ ಶಾನುಭೋಗಿಕೆ ಮಾಡುತ್ತಿದ್ದರು.

ನನ್ನ ಸಲಹೆ: ಫಿಲಾಸಫಿ ಅಂತ ಅರ್ಜಿ ಹಾಕಿ ಸೀಟು ತೆಗೆದುಕೊಳ್ಳಲಿ, ಒಳಗೆ ಹೋದ ಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

---

ಈಸ್ಟ್‌ಬೇ_ಕಿಟ್ಟಿ

ರಾಯರೇ, ಕೋಲೇ ಮುರಿಯುತ್ತದೆ. ಆ ಐಡಿಯಾ ನಿಮಗಿಂತ ಮೊದಲೇ ಯೂನಿವರ್ಸಿಟಿಯವರಿಗೆ ಹೊಳೆದಿದೆ. ಬರ್ಕ್ಲಿ ಥರದ ಕಡೆ ಬೇರೆ ಮೇಜರ್‌ನಲ್ಲಿ ಬಂದವರು ಸಿಎಸ್‌ಗೆ ಹೋಗುವುದು ತುಂಬಾ ಕಷ್ಟ. ಟ್ರಾನ್ಸ್‌ಫರ್ ಆಗಿ ಬಂದವರ ಕೈಯಲ್ಲಿ ಇರುವುದೇ ಎರಡು ವರ್ಷ, ಅಷ್ಟರಲ್ಲಿ ಮುಗಿಸಿ ಹೊರಡಿ ಅನ್ನುತ್ತಾರೆ. ಅದಕ್ಕೆ ಬೇಕಾದ ಕ್ಯಾಲ್ಕುಲಸ್, ಪ್ರೋಗ್ರಾಮಿಂಗ್ ಎಲ್ಲ ಮೊದಲೇ ಮುಗಿದಿರಬೇಕು. ಆ ಹುಡುಗಿಗೆ ಸಿಎಸ್ ಬೇಡ ಅಂತ ಅವರಮ್ಮನೇ ಮೊದಲ ಸಾಲಿನಲ್ಲಿ ಬರೆದಿದ್ದಾರಲ್ಲ, ಬೇಡದ್ದಕ್ಕೆ ಇಷ್ಟು ಕಸರತ್ತು ಯಾಕೆ?

---

ಪಾರ್ಟ್‌ಟೈಮ್_ಮೇಷ್ಟ್ರು

ನಾನು ಎರಡು ಕಮ್ಯುನಿಟಿ ಕಾಲೇಜುಗಳಲ್ಲಿ ಫಿಲಾಸಫಿ ಪಾಠ ಮಾಡುತ್ತೇನೆ. ಬೆಳಗ್ಗೆ ಒಂದು ಊರು, ಸಂಜೆ ಇನ್ನೊಂದು. ನಮ್ಮಂಥವರನ್ನು ಇಲ್ಲಿ ಫ್ರೀವೇ ಫ್ಲೈಯರ್ಸ್ ಅಂತ ಕರೆಯುತ್ತಾರೆ, ಸುಮ್ನೆ ಇಟ್ಟ ಹೆಸರಲ್ಲ. ಕ್ಲಾಸಿನೊಳಗೆ ಏನಾಗುತ್ತದೆ ಅಂತ ಅಮ್ಮನವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ.

ಇಂಟ್ರೊ ಕ್ಲಾಸಿನಲ್ಲಿ ಮೂವತ್ತೈದು ನಲವತ್ತು ಜನ ಇರುತ್ತಾರೆ. ನಿಮ್ಮ ಮಗಳ ಪಕ್ಕದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್, ಮಿಲಿಟರಿ ಬಿಟ್ಟು ಬಂದವನು, ಮಗುವನ್ನು ತಾಯಿಯ ಹತ್ತಿರ ಬಿಟ್ಟು ಬಂದ ಹುಡುಗಿ, ರಿಟೈರ್ ಆದ ಎಲೆಕ್ಟ್ರಿಷಿಯನ್ ಕೂತಿರುತ್ತಾರೆ. ಸಾಕ್ರಟೀಸ್‌ಗೆ ಜೈಲಿನಿಂದ ತಪ್ಪಿಸಿಕೊಳ್ಳುವ ಅವಕಾಶ ಇದ್ದರೂ ಯಾಕೆ ಹೋಗಲಿಲ್ಲ ಅಂತ ಕೇಳಿದಾಗ, ಆಜ್ಞೆ ಪಾಲಿಸಿ ಯುದ್ಧಕ್ಕೆ ಹೋಗಿ ಬಂದವನು ಕೊಡುವ ಉತ್ತರ ಹದಿನೆಂಟರ ಹುಡುಗರ ಬಾಯಲ್ಲಿ ಬರುವುದಿಲ್ಲ. ಇದು ದೊಡ್ಡ ಯೂನಿವರ್ಸಿಟಿಯ ಮೊದಲ ವರ್ಷದಲ್ಲಿ ಸಿಗುವುದು ಕಷ್ಟ. ಅಲ್ಲಿ ನೂರಾರು ಜನರ ಲೆಕ್ಚರ್ ಹಾಲು, ಪೇಪರ್ ತಿದ್ದುವುದು ಪಿಎಚ್‌ಡಿ ಮಾಡುತ್ತಿರುವ ಟಿಎಗಳು, ಅಂದರೆ ಸಹಾಯಕ ಮೇಷ್ಟ್ರುಗಳು. ಇಲ್ಲಿ ನಾನೇ ಓದುತ್ತೇನೆ, ನಾನೇ ತಿದ್ದುತ್ತೇನೆ.

ತಿದ್ದುವುದು ಅಂದರೆ ಹೀಗೆ. ಮೊದಲ ಪೇಪರ್‌ನಲ್ಲಿ ಮುಕ್ಕಾಲು ಪಾಲು ಹುಡುಗರು "ಹ್ಯೂಮ್ ಹೇಳುವಂತೆ" ಅಂತ ಶುರುಮಾಡಿ, ಅರ್ಧ ಪುಟದಲ್ಲಿ ಹ್ಯೂಮ್‌ನನ್ನು ಕೈಬಿಟ್ಟು ತಮ್ಮ ಮಾತನ್ನು ಅವನ ಬಾಯಿಗೆ ಹಾಕಿರುತ್ತಾರೆ. ನಾನು ಅಂಚಿನಲ್ಲಿ ಬರೆಯುತ್ತೇನೆ: "ಈ ಸಾಲು ಯಾರದ್ದು? ಅವನದಾ, ನಿನ್ನದಾ?" ಟರ್ಮ್ ಮುಗಿಯುವಷ್ಟರಲ್ಲಿ ಇದೊಂದು ಪ್ರಶ್ನೆಯನ್ನು ಅವರೇ ತಮಗೆ ಕೇಳಿಕೊಳ್ಳುವ ಹಾಗಾದರೆ ನನ್ನ ಕೆಲಸ ಆಯಿತು. ನಮ್ಮ ಬಳಗದ ವಾಟ್ಸ್ಯಾಪ್ ಗ್ರೂಪುಗಳಿಗೂ ಈ ಕ್ಲಾಸ್ ಕಡ್ಡಾಯ ಮಾಡಬೇಕು ಅನ್ನಿಸುತ್ತದೆ.

ತೊಂದರೆಗಳೂ ಇವೆ. ಫಿಲಾಸಫಿಗೆ ಪೂರ್ಣಾವಧಿ ಮೇಷ್ಟ್ರು ಎಷ್ಟೋ ಕಡೆ ಒಬ್ಬರೋ ಇಬ್ಬರೋ. ಉಳಿದವರು ನನ್ನ ಥರ, ಮುಂದಿನ ಟರ್ಮ್‌ಗೆ ಇರುತ್ತೇವೋ ಇಲ್ಲವೋ ನಮಗೇ ಗೊತ್ತಿರುವುದಿಲ್ಲ. ನನಗೆ ಸ್ವಂತ ಆಫೀಸ್ ರೂಮಿಲ್ಲ, ಹುಡುಗರ ಜತೆ ಮಾತು ಕೆಫೆಟೇರಿಯಾದಲ್ಲೋ ಪಾರ್ಕಿಂಗ್ ಲಾಟಿನಲ್ಲೋ ಆಗುತ್ತದೆ. ಜತೆಗೆ ಓದುವವರಲ್ಲಿ ಹೆಚ್ಚಿನವರು ಜನರಲ್ ಎಜುಕೇಷನ್ ಲೆಕ್ಕ ತುಂಬಿಸಲು ಬಂದವರು. ಫಿಲಾಸಫಿಯನ್ನೇ ಹಚ್ಚಿಕೊಂಡವರು ಒಂದು ಕ್ಲಾಸಿಗೆ ಇಬ್ಬರು ಸಿಕ್ಕರೆ ದೊಡ್ಡದು. ಕೆಲವರಿಗೆ ಅದು ಒಂಟಿ ಅನ್ನಿಸುತ್ತದೆ.

ಒಂದು ಹೆಸರು ಹೇಳಿ ನಿಲ್ಲಿಸುತ್ತೇನೆ. ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಕಟ್ಟಿದ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಪರಿಚಯವಾಗಿದ್ದು ಓಕ್‌ಲ್ಯಾಂಡ್‌ನ ಕಮ್ಯುನಿಟಿ ಕಾಲೇಜಿನಲ್ಲಿ, ಈಗ ಅದು ಮೆರಿಟ್ ಕಾಲೇಜು. ನ್ಯೂಟನ್ 1980ರಲ್ಲಿ ಯುಸಿ ಸ್ಯಾಂಟಾ ಕ್ರೂಝ್‌ನಲ್ಲಿ ಪಿಎಚ್‌ಡಿ ಮುಗಿಸಿದರು. ನಮ್ಮ ಕಡೆಯ ದಲಿತ್ ಪ್ಯಾಂಥರ್ಸ್ ಹೆಸರು ಬಂದಿದ್ದು ಅವರ ಪಾರ್ಟಿಯಿಂದಲೇ. ಕಮ್ಯುನಿಟಿ ಕಾಲೇಜು ಅಂದರೆ ಏನೂ ಆಗದವರು ಹೋಗುವ ಜಾಗ ಅನ್ನುವವರಿಗೆ ಇದನ್ನು ಹೇಳಿ.

---

ಸ್ಯಾನ್‌ರಮೋನ್_ಅಪ್ಪ

ಗ್ರೀನ್ ಕಾರ್ಡ್ ಇಲ್ಲದವರ ಕಥೆಯೂ ಯಾರಾದರೂ ಹೇಳಿ. ನಾವು ಎಚ್-1 ಕೆಲಸದ ವೀಸಾದಲ್ಲಿ ಗ್ರೀನ್ ಕಾರ್ಡ್ ಕ್ಯೂನಲ್ಲೇ ಇದ್ದೇವೆ. ಮಗನದು ಅವಲಂಬಿತರ ವೀಸಾ, ಎಚ್-4. ಅವನಿಗೂ ಹಿಸ್ಟರಿ, ಫಿಲಾಸಫಿ ಕಡೆ ಮನಸ್ಸು.

---

ಈಸ್ಟ್‌ಬೇ_ಕಿಟ್ಟಿ

ಅಂಕಲ್, ಎಚ್-4 ಇದ್ದವರು ಕ್ಯಾಲಿಫೋರ್ನಿಯಾದಲ್ಲಿ ರೆಸಿಡೆಂಟ್ ಅಂತ ತೋರಿಸಿಕೊಳ್ಳಬಹುದು, ಹಾಗಾಗಿ ಆ 46 ಡಾಲರ್ ಲೆಕ್ಕ ನಿಮ್ಮ ಮಗನಿಗೂ ಸಿಗಬಹುದು. ತಲೆನೋವು 21ನೇ ವಯಸ್ಸು. ಅವತ್ತಿಗೆ ಎಚ್-4 ಮುಗಿಯುತ್ತದೆ, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು. ಎಫ್-1ನವರಿಗೆ ರೆಸಿಡೆಂಟ್ ಲೆಕ್ಕ ಇಲ್ಲ. ಟ್ರಾನ್ಸ್‌ಫರ್ ಆಗಿ ಯುಸಿಗೆ ಕಾಲಿಡುವ ಹೊತ್ತಿಗೆ ಹುಡುಗರಿಗೆ ಸರಿಯಾಗಿ ಇಪ್ಪತ್ತು, ಇಪ್ಪತ್ತೊಂದು ಆಗಿರುತ್ತದೆ. ಹಾಗಾಗಿ ಹುಟ್ಟಿದ ತಾರೀಖು ಹಿಡಿದುಕೊಂಡು ಲಾಯರ್ ಹತ್ತಿರ ಒಮ್ಮೆ, ಕಾಲೇಜಿನ ಅಡ್ಮಿಷನ್ಸ್ ಆಫೀಸಿನಲ್ಲಿ ಒಮ್ಮೆ ಕೂತು ಮಾತಾಡಿ. ಯುಸಿಯಲ್ಲಿ ಹೊರಗಿನವರ ಫೀಸ್ ವರ್ಷಕ್ಕೆ 30 ಸಾವಿರ ಡಾಲರಿಗಿಂತ ಜಾಸ್ತಿ ಸೇರಿಕೊಳ್ಳುತ್ತದೆ. ಇದು ಯಾವ ಮೇಜರ್ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ.

---

ಹುಬ್ಬಳ್ಳಿ_ಪಿಯು

ನಾನು ಹುಬ್ಬಳ್ಳಿಯಾಕಿ ರೀ, ಪಿಯು ಆರ್ಟ್ಸ್ ಮುಗಿಯಾಕ ಬಂದದ. ಇದನ್ನೆಲ್ಲಾ ಓದಿ ಆಸೆ ಆತು. ಇಲ್ಲಿಂದ ನೇರ ಅಲ್ಲಿ ಕಮ್ಯುನಿಟಿ ಕಾಲೇಜಿಗೆ ಬಂದು ಫಿಲಾಸಫಿ ಓದಬಹುದಾ? ಏಜೆಂಟ್ ಒಬ್ಬರು ಅಡ್ಮಿಷನ್ ಸಲೀಸು ಅಂತ ಹೇಳ್ಯಾರ. ಲೋನ್ ತೊಗೋಬೇಕಾಗ್ತದ.

---

ಎಫ್‌ಒನ್_ದಾಟಿದವಳು

ತಂಗೀ, ಅಡ್ಮಿಷನ್ ಸಲೀಸು ಅನ್ನುವುದು ನಿಜ, ಯಾಕಂದರೆ ಈ ಕಾಲೇಜುಗಳ ಬಾಗಿಲು ಎಲ್ಲರಿಗೂ ತೆರೆದಿದೆ. ಏಜೆಂಟ್ ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ.

ನಿನಗೆ ಈ 46 ಡಾಲರ್ ಲೆಕ್ಕ ಅನ್ವಯಿಸುವುದಿಲ್ಲ. ಅದರ ಮೇಲೆ ನಾನ್-ರೆಸಿಡೆಂಟ್ ಫೀಸ್ ಸೇರಿ ಹಲವು ಪಟ್ಟು ಆಗುತ್ತದೆ. ಪ್ರತಿ ಟರ್ಮ್‌ಗೆ ಕನಿಷ್ಠ 12 ಯೂನಿಟ್ ಓದಲೇಬೇಕು, ಅದರಲ್ಲಿ ಆನ್‌ಲೈನ್ ಕ್ಲಾಸ್ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹೆಚ್ಚಿನ ಕಡೆ ಹಾಸ್ಟೆಲ್ ಇಲ್ಲ, ಬೇ ಏರಿಯಾ ಬಾಡಿಗೆ ನೀನೇ ಕಟ್ಟಬೇಕು. ಎಲ್ಲಾ ಮುಗಿದ ಮೇಲೆ ಕೆಲಸಕ್ಕೆ ಓಪಿಟಿ ಅಂತ ಸಿಗುವುದು 12 ತಿಂಗಳು. ಇಂಜಿನಿಯರಿಂಗ್‌ನವರಿಗೆ ಸ್ಟೆಮ್ ಅಂತ ಇನ್ನೂ 24 ತಿಂಗಳು ಸಿಗುತ್ತದೆ, ಫಿಲಾಸಫಿ ಆ ಪಟ್ಟಿಯಲ್ಲಿಲ್ಲ. ಆ ಒಂದು ವರ್ಷದಲ್ಲಿ ವೀಸಾ ಕೊಡಿಸುವ ಕೆಲಸ ಸಿಕ್ಕಿ, ಆ ವೀಸಾದ ಲಾಟರಿಯೂ ಹತ್ತಬೇಕು. ಮನೆಯಲ್ಲಿ ದುಡ್ಡು ಧಾರಾಳ ಇದ್ದರೆ ಬೇರೆ ಮಾತು. ಲೋನ್ ಮಾಡಿ ಇದಕ್ಕೆ ಬರಬೇಡ. ಕಟುವಾಗಿ ಹೇಳಿದೆ ಅನ್ನಿಸಿದರೆ ಅನ್ನಿಸಲಿ.

ಅಲ್ಲೇ ಓದುವುದು ಕೀಳಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1918ರಿಂದ 1921ರವರೆಗೆ ಫಿಲಾಸಫಿ ಪಾಠ ಮಾಡಿದವರು ರಾಧಾಕೃಷ್ಣನ್. ಅಲ್ಲೇ ಪಾಠ ಮಾಡಿದ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳ ಬಗ್ಗೆ ಬರೆದದ್ದನ್ನು ಇವತ್ತಿಗೂ ಅಮೆರಿಕದ ಕ್ಲಾಸುಗಳಲ್ಲಿ ಓದಲು ಕೊಡುತ್ತಾರೆ, ನನಗೂ ಕೊಟ್ಟಿದ್ದರು. ಮಣಿಪಾಲದಲ್ಲಿ ಫಿಲಾಸಫಿ ವಿದ್ವಾಂಸ ಸುಂದರ್ ಸರುಕ್ಕೈ ಕಟ್ಟಿದ ಹ್ಯುಮ್ಯಾನಿಟೀಸ್ ಕೇಂದ್ರ ಇದೆ, ಅದನ್ನೂ ವಿಚಾರಿಸು. ಬಿಎ ಅಲ್ಲಿ ಮಾಡಿ, ಇಂಗ್ಲಿಷ್ ಬರವಣಿಗೆ ಗಟ್ಟಿ ಮಾಡಿಕೊಂಡು, ಫಂಡಿಂಗ್ ಸಿಗುವ ಪಿಎಚ್‌ಡಿಗೆ ಅರ್ಜಿ ಹಾಕು. ಆಗ ಅವರೇ ನಿನಗೆ ದುಡ್ಡು ಕೊಡುತ್ತಾರೆ.

---

ಹುಬ್ಬಳ್ಳಿ_ಪಿಯು

ಕಟು ಏನಿಲ್ಲ ಅಕ್ಕಾರ. ಅಪ್ಪಾಜಿಗೆ ಇದನ್ನ ಓದಿ ಹೇಳ್ತೇನಿ, ಭಾಳ ಖುಷಿ ಆಗ್ತಾರ.

---

ಸನಿವೇಲ್_ರಾಯರು

ಸರಿ, ಕಮ್ಯುನಿಟಿ ಕಾಲೇಜ್ ವಿಷಯ ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಕೆಲಸದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಓದಿ ಮುಗಿಸಿದ ಹುಡುಗಿ ಏನು ಮಾಡುತ್ತಾಳೆ?

---

ಈಸ್ಟ್‌ಬೇ_ಕಿಟ್ಟಿ

ನನ್ನ ಜತೆ ಓದಿದವರಲ್ಲಿ ಜಾಸ್ತಿ ಜನ ಲಾ ಸ್ಕೂಲಿಗೆ ಹೋದರು. ಇಲ್ಲಿ ಲಾ ಓದಲು ಇಂಥದ್ದೇ ಡಿಗ್ರಿ ಆಗಿರಬೇಕು ಅಂತಿಲ್ಲ, ಎಲ್‌ಸ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಚೆನ್ನಾಗಿ ಮಾಡಬೇಕು. ಆ ಪರೀಕ್ಷೆಯಲ್ಲಿ ಲಾಜಿಕ್ ಗೇಮ್ಸ್ ಅಂತ ಒಗಟಿನ ಥರದ ಭಾಗ ಇತ್ತು, ಅದನ್ನು 2024ರ ಆಗಸ್ಟ್‌ನಿಂದ ತೆಗೆದುಹಾಕಿದ್ದಾರೆ. ಅದರ ಬದಲು ಒಂದು ವಾದವನ್ನು ಕೊಟ್ಟು ಎಲ್ಲಿ ತಪ್ಪಿದೆ, ಏನನ್ನು ಸುಮ್ನೆ ಒಪ್ಪಿಕೊಂಡಿದ್ದಾರೆ ಅಂತ ಕೇಳುವ ಭಾಗದ ತೂಕ ಹೆಚ್ಚಿದೆ. ಫಿಲಾಸಫಿ ಹುಡುಗರು ದಿನಾ ಮಾಡುವುದು ಅದನ್ನೇ. ಎಂಎ, ಪಿಎಚ್‌ಡಿಗೆ ಸೇರಲು ಬರೆಯುವ ಜಿಆರ್‌ಇಯಲ್ಲೂ ಇಂಗ್ಲಿಷ್ ಮತ್ತು ಬರವಣಿಗೆ ಭಾಗಗಳಲ್ಲಿ ಫಿಲಾಸಫಿಯವರ ಸರಾಸರಿ ಎಲ್ಲರಿಗಿಂತ ಮೇಲಿನ ಸಾಲಿನಲ್ಲಿರುತ್ತದೆ.

ಇನ್ನು ಕೆಲವರು ಸರ್ಕಾರಿ ಕೆಲಸ, ಶಾಲೆ, ಆಸ್ಪತ್ರೆಗಳ ಎಥಿಕ್ಸ್ ಕಡೆ ಹೋದರು. ಒಬ್ಬ ಬೇಕರಿ ಇಟ್ಟಿದ್ದಾನೆ. ಡಿಗ್ರಿ ಮುಗಿದ ದಿನವೇ ಆಫರ್ ಲೆಟರ್ ಬರುವುದಿಲ್ಲ ರಾಯರೇ, ಅದನ್ನು ಮುಚ್ಚಿಡುವುದಿಲ್ಲ. ಎರಡು ಮೂರು ವರ್ಷ ಒದ್ದಾಟ ಇರುತ್ತದೆ. ಆ ಒದ್ದಾಟದಲ್ಲಿ ತಲೆ ಮೇಲೆ ಸಾಲ ಇದೆಯೋ ಇಲ್ಲವೋ ಅನ್ನುವುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಅದಕ್ಕೇ ಈ ಸಬ್ಜೆಕ್ಟ್ ಓದುವವರಿಗೆ ಕಮ್ಯುನಿಟಿ ಕಾಲೇಜ್ ದಾರಿ ಬೇರೆ ಯಾರಿಗಿಂತಲೂ ಚೆನ್ನಾಗಿ ಒಪ್ಪುತ್ತದೆ ಅಂತ ನನ್ನ ವಾದ. ಸಂಬಳ ನಿಧಾನಕ್ಕೆ ಬರುವ ಓದಿಗೆ ದುಬಾರಿ ದಾರಿ ಹಿಡಿಯಬಾರದು.

---

ಪಾರ್ಟ್‌ಟೈಮ್_ಮೇಷ್ಟ್ರು

ಕಿಟ್ಟಿ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಮಗಳಿಗೆ ಮುಂದೆ ಫಿಲಾಸಫಿಯಲ್ಲೇ ಪಿಎಚ್‌ಡಿ ಅಂತ ಮನಸ್ಸಿದ್ದರೆ ಟ್ರಾನ್ಸ್‌ಫರ್‌ನವರಿಗೆ ಒಂದು ಗಂಟು ಇದೆ. ಪಿಎಚ್‌ಡಿ ಅರ್ಜಿ ಹೋಗುವುದು ಕೊನೆಯ ವರ್ಷದ ಡಿಸೆಂಬರ್ ಸುಮಾರಿಗೆ. ಸಾಮಾನ್ಯವಾಗಿ ಮೂವರು ಪ್ರೊಫೆಸರುಗಳ ಪತ್ರ ಬೇಕು, ಜತೆಗೆ ಒಂದು ಗಟ್ಟಿ ಪೇಪರ್. ಯೂನಿವರ್ಸಿಟಿಗೆ ಬಂದು ಆಗ ಒಂದೂವರೆ ವರ್ಷವೂ ಆಗಿರುವುದಿಲ್ಲ. ಮೊದಲಿನಿಂದ ಅಲ್ಲೇ ಓದಿದವರನ್ನು ಪ್ರೊಫೆಸರುಗಳು ಮೂರು ವರ್ಷ ನೋಡಿರುತ್ತಾರೆ. ಹಾಗಾಗಿ ಟ್ರಾನ್ಸ್‌ಫರ್ ಆದ ಮೊದಲ ಟರ್ಮಿನಲ್ಲೇ ಸಣ್ಣ ಸೆಮಿನಾರ್ ಹಿಡಿಯಬೇಕು, ಆಫೀಸ್ ಅವರ್ಸ್‌ಗೆ ಹೋಗಬೇಕು. ಇಲ್ಲಾಂದರೆ ಡಿಗ್ರಿ ಮುಗಿಸಿ ಒಂದು ವರ್ಷ ಬಿಟ್ಟು ಅರ್ಜಿ ಹಾಕಬೇಕು. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಥರದ ಕಡೆ ಎಂಎ ಮಾಡಿ ಆಮೇಲೆ ಪಿಎಚ್‌ಡಿಗೆ ಹೋಗುವವರೂ ಇದ್ದಾರೆ. ಪಿಎಚ್‌ಡಿ ಆದ ಮೇಲೂ ಕೆಲಸ ಹೇಗಿರುತ್ತದೆ ಅಂತ ಕೇಳುವುದಾದರೆ ನನ್ನ ಹ್ಯಾಂಡಲ್ ಇನ್ನೊಮ್ಮೆ ಓದಿ.

---

ಫ್ರೀಮಾಂಟ್_ಅಮ್ಮ

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ 2,760 ಅಂಕಿ ತೋರಿಸಿದೆ. ಏನೂ ಹೇಳಲಿಲ್ಲ, ಆದರೆ ಕ್ಯಾಲ್ಕುಲೇಟರ್ ತೆಗೆದರು.

ಇನ್ನೊಂದು ಕೇಳಬೇಕು. ನನ್ನ ಅಪ್ಪ ಉಡುಪಿ ಕಡೆಯವರು, ಫೋನಿನಲ್ಲಿ ಸುದ್ದಿ ಕೇಳಿ ಖುಷಿಪಟ್ಟ ಒಬ್ಬರೇ ಒಬ್ಬರು ಅವರು. "ಮಧ್ವರನ್ನು ಹೇಳಿಕೊಡ್ತಾರಾ, ಶಂಕರರನ್ನು ಹೇಳಿಕೊಡ್ತಾರಾ" ಅಂತ ಮೊಮ್ಮಗಳನ್ನು ಕೇಳುತ್ತಿದ್ದಾರೆ. ಅವಳಿಗೆ ಗೊತ್ತಿಲ್ಲ. ನಮ್ಮದು ಏನಾದರೂ ಇರುತ್ತದಾ ಅಲ್ಲಿ?

---

ಪಾರ್ಟ್‌ಟೈಮ್_ಮೇಷ್ಟ್ರು

ಕೆಳಹಂತದಲ್ಲಿ ಬಹಳ ಕಡಿಮೆ ಅಮ್ಮಾ. ಇಂಟ್ರೊ ಅಂದರೆ ಪ್ಲೇಟೋ, ಡೇಕಾರ್ಟ್, ಹ್ಯೂಮ್, ಕಾಂಟ್. ಕೆಲವು ಕಾಲೇಜುಗಳಲ್ಲಿ ಏಷ್ಯನ್ ಫಿಲಾಸಫಿ ಅಥವಾ ವರ್ಲ್ಡ್ ರಿಲಿಜನ್ಸ್ ಅಂತ ಕೋರ್ಸ್ ಇದೆ. ಅದರಲ್ಲಿ ಶಂಕರರು ಒಂದು ವಾರ ಬಂದರೆ ದೊಡ್ಡದು, ಮಧ್ವರ ಹೆಸರು ಬರುವುದೇ ಅಪರೂಪ. ಇದರ ಬಗ್ಗೆ ನನಗೆ ಬೇಸರ ಇದೆ. ಆದರೆ ಸಿಲಬಸ್ ತಿದ್ದುವ ಕಮಿಟಿಯಲ್ಲಿ ಪಾರ್ಟ್‌ಟೈಮ್‌ನವರ ಮಾತು ಎಷ್ಟು ನಡೆಯುತ್ತದೆ ಹೇಳಿ.

ಆದರೂ ನಾನು ಲಾಜಿಕ್ ಕ್ಲಾಸಿನಲ್ಲಿ ಒಂದು ಮಾಡುತ್ತೇನೆ. ಹುಡುಗರು ಎಡವುವ ಒಂದು ಜಾಗ ಇದೆ. "ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ. ರಸ್ತೆ ಒದ್ದೆಯಾಗಿದೆ. ಹಾಗಾದರೆ ಮಳೆ ಬಂದಿದೆ." ಸರಿ ಅಂತ ಅರ್ಧ ಕ್ಲಾಸ್ ಕೈ ಎತ್ತುತ್ತದೆ. ನೀರಿನ ಟ್ಯಾಂಕರ್ ಸೋರಿದ್ದರೂ ರಸ್ತೆ ಒದ್ದೆ ಆಗುತ್ತದೆ ಅಲ್ವಾ. ಆಗ ನಮ್ಮ ನ್ಯಾಯ ದರ್ಶನದವರ ಹಳೇ ಉದಾಹರಣೆ ಬೋರ್ಡಿನ ಮೇಲೆ ಬರೆಯುತ್ತೇನೆ. ಬೆಟ್ಟದ ಮೇಲೆ ಬೆಂಕಿ ಇದೆ. ಯಾಕೆ? ಹೊಗೆ ಇದೆ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಬೆಟ್ಟದಲ್ಲೂ ಅಂಥ ಹೊಗೆಯೇ ಇದೆ. ಆದ್ದರಿಂದ ಇಲ್ಲಿ ಬೆಂಕಿ ಇದೆ. ಐದು ಹೆಜ್ಜೆ. ಈ ವಾದ ಗಟ್ಟಿಯಾಗಿ ನಿಲ್ಲುತ್ತದೆ. ಈಗ ತಿರುಗಿಸಿ: ಎಲ್ಲೆಲ್ಲಿ ಬೆಂಕಿಯೋ ಅಲ್ಲಲ್ಲಿ ಹೊಗೆ ಅನ್ನಬಹುದಾ? ಸ್ವಲ್ಪ ಹೊತ್ತು ಯೋಚಿಸಲು ಬಿಟ್ಟು ಆಮೇಲೆ ನ್ಯಾಯ ದರ್ಶನದವರದೇ ಉತ್ತರ ಕೊಡುತ್ತೇನೆ, ಕಾದು ಕೆಂಪಾದ ಕಬ್ಬಿಣದ ಉಂಡೆ. ಬೆಂಕಿ ಇದೆ, ಹೊಗೆ ಇಲ್ಲ. ಹೋದ ಸಲ ಹಿಂದಿನ ಸಾಲಿನಲ್ಲಿ ಕೂತಿದ್ದ ವೆಲ್ಡರ್ ಒಬ್ಬರು ನಾನು ಬಾಯಿ ಬಿಡುವ ಮೊದಲೇ ಇದನ್ನು ಹೇಳಿಬಿಟ್ಟರು. ಒದ್ದೆ ರಸ್ತೆಯ ತಪ್ಪು ಎಲ್ಲಿದೆ ಅಂತ ಅಲ್ಲಿಂದ ತಾನಾಗಿ ಬಿಚ್ಚಿಕೊಳ್ಳುತ್ತದೆ, ಚಿಹ್ನೆಗಳು ಆಮೇಲೆ ಬರುತ್ತವೆ.

ನಿಮ್ಮ ಅಪ್ಪನಿಗೆ ಇದನ್ನು ಹೇಳಿ. ಮಾಧ್ವ ಮನೆತನದ ಹಿರಿಯರಾದರೆ ತರ್ಕದ ಪಾಠ ಸ್ವಲ್ಪವಾದರೂ ಕಿವಿಗೆ ಬಿದ್ದಿರುತ್ತದೆ. ಮಗಳು ಸಿಂಬಾಲಿಕ್ ಲಾಜಿಕ್ ಓದುವಾಗ ವಾರಕ್ಕೊಮ್ಮೆ ಅಜ್ಜನಿಗೆ ಫೋನ್ ಮಾಡಿದರೆ, ನಾನು ಕೊಡುವುದಕ್ಕಿಂತ ಜಾಸ್ತಿ ಅವರಿಂದ ಸಿಗಬಹುದು.

---

ಸನಿವೇಲ್_ರಾಯರು

ಕಬ್ಬಿಣದ ಉಂಡೆ ಚೆನ್ನಾಗಿದೆ ಮೇಷ್ಟ್ರೇ. ನಮ್ಮ ಟೀಮಿನ ಹುಡುಗರು ಬಗ್ ಹುಡುಕುವಾಗ ದಿನಾ ಮಾಡುವ ತಪ್ಪು ಇದೇ. ಸರ್ವರ್ ಬಿದ್ದರೆ ಈ ಎರರ್ ಬರುತ್ತದೆ, ಎರರ್ ಬಂದಿದೆ, ಹಾಗಾದರೆ ಸರ್ವರ್ ಬಿದ್ದಿದೆ ಅಂತ ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸುತ್ತಾರೆ. ಕೆಲಸದ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ, ಆದರೆ ಸಂಜೆ ಕ್ಲಾಸ್ ಎಲ್ಲಿದೆ ಹೇಳಿ, ನಾನೇ ಸೇರಿಕೊಳ್ಳುತ್ತೇನೆ. ಯೂನಿಟ್‌ಗೆ 46 ಡಾಲರ್ ತಾನೇ.

---

ಫ್ರೀಮಾಂಟ್_ಅಮ್ಮ

ರಾಯರೇ, ನನ್ನ ಮಗಳ ಪಕ್ಕದ ಸೀಟಿನಲ್ಲಿ ಮಾತ್ರ ಕೂರಬೇಡಿ, ಕೆಲಸದ ಬಗ್ಗೆ ಶುರುಮಾಡುತ್ತೀರಿ.

ನಿನ್ನೆ ರಾತ್ರಿ ಅವಳೂ ನಾನೂ ಕೂತು ಅಸಿಸ್ಟ್ ಪುಟ ತೆಗೆದು ನೋಡಿದೆವು. ಅವಳ ಪಟ್ಟಿಯಲ್ಲಿ ಇಂಟ್ರೊ ಮತ್ತು ಎಥಿಕ್ಸ್ ಇತ್ತು, ಸಿಂಬಾಲಿಕ್ ಲಾಜಿಕ್ ಇರಲಿಲ್ಲ, ಕ್ರಿಟಿಕಲ್ ಥಿಂಕಿಂಗ್ ಇತ್ತು. ಈಗ ಬದಲಾಯಿಸಿದ್ದಾಳೆ. ಜನರಲ್ ಎಜುಕೇಷನ್ ಪಟ್ಟಿಗೆ ಮೊದಲು ಐಗೆಟ್‌ಸಿ ಅನ್ನುತ್ತಿದ್ದರಂತೆ, ಈಗ ಕ್ಯಾಲ್-ಗೆಟ್‌ಸಿ ಅಂತಾಗಿದೆಯಂತೆ. ಎರಡೂ ಒಂದೇನಾ?

---

ಈಸ್ಟ್‌ಬೇ_ಕಿಟ್ಟಿ

ಪೂರ್ತಿ ಒಂದೇ ಅಲ್ಲ ಆಂಟಿ. 2025ರ ಫಾಲ್‌ನಿಂದ ಹೊಸದಾಗಿ ಸೇರುವವರಿಗೆ ಕ್ಯಾಲ್-ಗೆಟ್‌ಸಿ ಮಾತ್ರ, ಯುಸಿಗೂ ಸ್ಟೇಟ್ ಯೂನಿವರ್ಸಿಟಿಗೂ ಸೇರಿ ಒಂದೇ ಪಟ್ಟಿ, 34 ಯೂನಿಟ್. ಮೊದಲೇ ಸೇರಿದ್ದ ಅಣ್ಣ ಅಕ್ಕಂದಿರ ಹಳೇ ಪಟ್ಟಿಯನ್ನು ಕಾಪಿ ಮಾಡಲು ಬಿಡಬೇಡಿ, ಈ ವರ್ಷ ನೋಡುತ್ತಿರುವ ಗೊಂದಲ ಎಲ್ಲ ಅದರದ್ದೇ. ನಾನು ಮೊದಲು ಹೇಳಿದ ಕ್ರಿಟಿಕಲ್ ಥಿಂಕಿಂಗ್ ಕ್ಲಾಸ್, ಬರವಣಿಗೆ ಸೇರಿದ್ದಾದರೆ, ಇದರಲ್ಲಿ ಒಂದು ಖಾನೆ ತುಂಬುತ್ತದೆ. ಆದ್ದರಿಂದ ಅದನ್ನೂ ಬಿಡುವುದು ಬೇಡ, ಲಾಜಿಕ್ ಜತೆಗೆ ಇರಲಿ.

ಎರಡನೇ ವರ್ಷ ಶುರುವಾಗುವಾಗ ಟ್ಯಾಗ್ ಅರ್ಜಿ. ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ ತೆರೆದಿರುತ್ತದೆ. ಯುಸಿ ಅರ್ಜಿಯನ್ನು ಅಕ್ಟೋಬರ್‌ನಿಂದ ಸಲ್ಲಿಸಬಹುದು, ಗಡುವು ನವೆಂಬರ್ ಕೊನೆ ಅಂತ ಇಟ್ಟುಕೊಳ್ಳಿ. ಎರಡನ್ನೂ ಫ್ರಿಜ್ ಮೇಲೆ ಬರೆದು ಅಂಟಿಸಿ, ಅಂಕಲ್ ಕಣ್ಣಿಗೆ ಬೀಳುವ ಕಡೆ.